ಚೆಂಡು ಕುಡಿದ ಕುಸುಬಿ ಎಣ್ಣೆ

ನಾನು ಸಿಟ್ಟಿನವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಮೇಲೆ ಕನಿಕರಪಟ್ಟು ಮೋಸ ಹೋಗಬಾರದು. ಹುಟ್ಟಿದಾಗ ನನ್ನ ಬಲಗೈ ಮುಷ್ಟಿ ಬಿಗಿದೇ ಇತ್ತಂತೆ. ಸೂಲಗಿತ್ತಿ ಬಿಡಿಸಲು ಹೋಗಿ ಸೋತು, "ಈಕಿ ಯಾರಿಗರ ಗುದ್ದಾಕನ ಬಂದಾಳ" ಅಂದಳಂತೆ. ಅವ್ವ ಈ ಕಥೆಯನ್ನು ಇಪ್ಪತ್ತೆಂಟು ವರ್ಷ ನಗುನಗುತ್ತಾ ಹೇಳಿಕೊಂಡು ಬಂದಳು. ಈಚೆಗೆ ಹೇಳುವುದಿಲ್ಲ.

ಕಿತ್ತೂರಿನ ಹತ್ತಿರ ಹೆದ್ದಾರಿಯ ಮಗ್ಗುಲಿಗೆ ಒಂದು ದೊಡ್ಡ ಹೋಟೆಲ್ಲಿದೆ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾಲೀಕರು ಎಲ್ಲಿಂದಲೋ ಹಳೆಯ ಯಂತ್ರಗಳನ್ನು ತರಿಸಿ ನಾಲ್ಕು ಲೇನಿನ ಬೌಲಿಂಗ್ ಹಾಕಿಸಿದ್ದರು. ಈ ತುದಿಯಲ್ಲಿ ನಿಂತು ಭಾರದ ಚೆಂಡು ಉರುಳಿಸಿ ಆ ತುದಿಯ ಹತ್ತು ಪಿನ್ನುಗಳನ್ನು ಬೀಳಿಸುವ ಆಟ. ಡಿಗ್ರಿ ಮುಗಿಸಿದ ಮೇಲೆ ನಾನು ಅಲ್ಲಿ ಸೇರಿದ್ದು ಬೂಟು ಹಂಚಲಿಕ್ಕೆ. ಲೇನಿನ ಮೇಲೆ ಕಾಲಿಡಲು ಬೇರೆಯೇ ಬೂಟು ಬೇಕು. ಬಂದವರ ಚಪ್ಪಲಿ ಇಸಿದುಕೊಂಡು, ಅಳತೆ ನೋಡಿ ಬೂಟು ಕೊಡುವುದು ನನ್ನ ಕೆಲಸ. ಅಪ್ಪ ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಬೇವಿನ ಮರದ ಕೆಳಗೆ ಕುಳಿತು ಚಪ್ಪಲಿ ಹೊಲಿಯುವವನು. "ಅಪ್ಪ ಹೊಲಿತಾನ, ಮಗಳು ಹಂಚತಾಳ. ಒಟ್ಟಿನ್ಯಾಗ ಮಂದಿ ಕಾಲ ಬಿಡಲಿಲ್ಲ ನೋಡ್ರಿ ನಾವು" ಎಂದು ಅವ್ವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆ ಶೆಡ್ಡಿನಲ್ಲಿ ನನಗೆ ಮೊದಲು ಹಿಡಿಸಿದ್ದು ಆಟವಲ್ಲ, ಚೆಂಡಿನ ಮೂರು ತೂತು. ಮದುವೆ ಮುಗಿಸಿ ಬಂದ ಶ್ರೀಮಂತರ ಮನೆಯ ಸೊಸೆ ಬೆರಳು ಹಾಕಿದ ತೂತಿಗೇ ಅರ್ಧ ತಾಸಿನ ಮೇಲೆ ಲಾರಿ ಡ್ರೈವರು ಬೆರಳು ಹಾಕುತ್ತಿದ್ದ. ಸಂಜೆ ನಾನು ಹಾಕುತ್ತಿದ್ದೆ. ಅದಕ್ಕೂ ಮೊದಲು ಯಾರ ಕೈ ಅದರೊಳಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಇದು ಏನು ದೊಡ್ಡ ಮಾತು ಅನ್ನುವವರು ಅನ್ನಲಿ. ನಾನು ನಮ್ಮೂರು ಸಂಪಗಾಂವದ ಸಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಜೊತೆ ಒಂದು ಮನೆಗೆ ಹೊಸ ಚಪ್ಪಲಿ ಕೊಡಲು ಹೋಗಿದ್ದೆ. ಬಿಸಿಲಿಗೆ ಅಪ್ಪ ನೀರು ಕೇಳಿದ. ಚರಿಗೆಯಲ್ಲಿ ಕೊಟ್ಟರು. ನಾವು ಅಂಗಳ ದಾಟುವ ಮೊದಲೇ ಆ ಮನೆಯಾಕೆ ಒಳಗಿನವರಿಗೆ ಕೂಗಿ ಹೇಳಿದ್ದು ಕೇಳಿಸಿತು: "ಚರಿಗಿಗೆ ಅವನ ಕೈ ಹತ್ತೇತಿ, ಹೊರಗ ತಿಕ್ಕಿ ಒಳಗ ತಗೊಂಡು ಹೋಗು." ಅಪ್ಪ ನಡಿಗೆ ನಿಲ್ಲಿಸಲಿಲ್ಲ. ಮನೆಗೆ ಬಂದು ಬುದ್ಧನ ಫೋಟೊದ ಕೆಳಗೆ ಕುಳಿತು ತನ್ನ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿಕೊಂಡ. ಹೀಗಾಗಿ ಆ ಮೂರು ತೂತು ನನಗೆ ದೊಡ್ಡ ಮಾತೇ ಆಗಿತ್ತು.

ಎರಡು ವರ್ಷ ಕಳೆಯುವುದರಲ್ಲಿ ಬೂಟಿನಿಂದ ನನಗೆ ಲೇನಿಗೆ ಬಡ್ತಿ ಸಿಕ್ಕಿತು. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಲೇನು ಒರೆಸಿ, ಎಣ್ಣೆ ಹಾಕಿ, ಚೆಂಡು ತೊಳೆದಿಡುವುದು. ಹೌದು, ಲೇನಿಗೆ ಎಣ್ಣೆ ಹಾಕುತ್ತಾರೆ. ಮುಂದಿನ ಭಾಗಕ್ಕೆಲ್ಲ ತೆಳ್ಳಗೆ ಸವರಿ, ಪಿನ್ನಿನ ಹತ್ತಿರದ್ದನ್ನು ಒಣಗಲು ಬಿಡುತ್ತಾರೆ. ಒಳ್ಳೆಯ ಆಟಗಾರರು ಎಸೆದ ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಜಾಗ ಬಂದೊಡನೆ ನೆಲ ಕಚ್ಚಿ, ಒಳಕ್ಕೆ ತಿರುಗಿ ಪಿನ್ನುಗಳ ನಡುವೆ ನುಗ್ಗುತ್ತದೆ. ಆ ತಿರುವಿನಲ್ಲಿಯೇ ಆಟವೆಲ್ಲ ಇದೆ. ನೇರ ಹೋಗುವ ಚೆಂಡು ಎದುರಿಗಿದ್ದ ನಾಲ್ಕನ್ನು ಬೀಳಿಸಿ, ಮೂಲೆಯವನ್ನು ಹಾಗೆಯೇ ನಿಲ್ಲಿಸಿ ಹೋಗುತ್ತದೆ.

ತಿರುವು ಚೆಂಡಿನ ಮೈಯನ್ನು ನಂಬಿಕೊಂಡದ್ದು. ಗಿರಾಕಿಗಳಿಗೆ ಕೊಡುವ ಪ್ಲಾಸ್ಟಿಕ್ ಚೆಂಡು ಎಣ್ಣೆಯನ್ನು ಕುಡಿಯುವುದೇ ಇಲ್ಲ, ಒರೆಸಿದರೆ ಹೋಯಿತು. ಹತ್ತು ವರ್ಷ ಹೊಡೆದರೂ ಹಾಗೆಯೇ ಇರುತ್ತದೆ, ತಿರುಗುವುದೂ ಇಲ್ಲ. ಯುರೆಥೇನ್ ಎನ್ನುವ ಜಾತಿಯದು ಸ್ವಲ್ಪ ಕುಡಿಯುತ್ತದೆ, ಸ್ವಲ್ಪ ತಿರುಗುತ್ತದೆ, ಬಹಳ ದಿನ ಬಾಳುತ್ತದೆ. ಮೂರನೆಯದು ರಿಯಾಕ್ಟಿವ್ ರೆಸಿನ್. ಅದರ ಮೈತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರ. ಉರುಳುತ್ತಾ ಉರುಳುತ್ತಾ ಎಣ್ಣೆ ಹೀರುವುದರಿಂದಲೇ ಅದು ನೆಲವನ್ನು ಅಷ್ಟು ಗಟ್ಟಿ ಹಿಡಿಯುತ್ತದೆ. ಹಾಗೆ ಹೀರುವುದರಿಂದಲೇ ಸಾಯುತ್ತದೆ ಕೂಡ. ಹೊಟ್ಟೆ ತುಂಬಿದ ಮೇಲೆ ತಿರುವು ಹೋಗುತ್ತದೆ. ಅದಕ್ಕೆ ಎಸೆದ ಪ್ರತಿ ಸಲ ಬಟ್ಟೆಯಿಂದ ಒರೆಸಬೇಕು, ಆಡಿ ಮುಗಿದ ಮೇಲೆ ತೊಳೆಯಬೇಕು, ಆಗಾಗ ತೂತು ಮುಚ್ಚಿ ಬಿಸಿನೀರಲ್ಲಿ ಇಟ್ಟು ಕುಡಿದದ್ದನ್ನು ಕಕ್ಕಿಸಬೇಕು, ಮೈ ನುಣುಪಾದರೆ ಪಾಲಿಶ್ ಪೇಪರಿನಿಂದ ತಿಕ್ಕಿ ಮತ್ತೆ ಒರಟು ಮಾಡಬೇಕು. ಇಷ್ಟೆಲ್ಲ ಸೇವೆ ಮಾಡಿದರೂ ಅದರ ಆಯುಷ್ಯ ಕಡಿಮೆ.

ನನಗೆ ಅಂಥ ಒಂದು ಚೆಂಡು ಸಿಕ್ಕಿತ್ತು. ಆಡಲು ಬರುತ್ತಿದ್ದ ಒಬ್ಬ ಅಧಿಕಾರಿಯ ಹೆಂಡತಿ ಗಂಡನಿಗೆ ವರ್ಗವಾಗಿ ಹೋಗುವಾಗ, "ನನಗಿಂತ ಚೆನ್ನಾಗಿ ನೀನು ಆಡ್ತೀಯ" ಎಂದು ತಮ್ಮದನ್ನೇ ಕೊಟ್ಟು ಹೋದರು. ಕಪ್ಪು ಚೆಂಡು, ನಡುವೆ ನೇರಳೆ ಬಣ್ಣದ ಸುಳಿ. ಬೆಂಗಳೂರಿನಲ್ಲಿ ಚೆಂಡು ಕೊರೆಯುವ ಒಬ್ಬರು ಹಳೆಯ ತೂತು ತುಂಬಿಸಿ, ನನ್ನ ಬೆರಳಿನ ಅಳತೆಗೆ ಹೊಸದು ಕೊರೆದು ಕೊಟ್ಟರು. ಆಮೇಲೆ ಮೂರು ವರ್ಷ ದಿನಾ ಬೆಳಿಗ್ಗೆ ನಾನು ಆ ಚೆಂಡು ಎಸೆದಿದ್ದೇನೆ. ಎರಡು ಸಲ ರಾಜ್ಯದ ಆಟಕ್ಕೆ ಹೋಗಿ ಬಂದೆ. ಮೂರನೆಯ ಸಲ ಹೆಂಗಸರ ರಾಜ್ಯ ತಂಡದ ಆಯ್ಕೆಗೆ ಕರೆ ಬಂತು.

ಅದೇ ವಾರ ಮಾಲೀಕರು ನನ್ನನ್ನು ಕರೆದು ಕೂರಿಸಿ, "ತಂಗಿ, ಯುಗಾದಿ ಮುಗದ ಮ್ಯಾಲೆ ಈ ಶೆಡ್ಡ ಕಲ್ಯಾಣ ಮಂಟಪ ಆಗತೈತಿ. ಮಷಿನ್ ಇನ್ನ ನಡಿಯೂದಿಲ್ಲ. ನಿನಗ ಬ್ಯಾರೆ ಕೆಲಸ ಕೊಡತೇನಿ, ಕಾಳಜಿ ಮಾಡಬ್ಯಾಡ" ಅಂದರು. ನಾನು "ಹೂಂನ್ರಿ" ಅಂದೆ. ಹೊರಗೆ ಬಂದು ನಾಲ್ಕು ಲೇನು ನೋಡುತ್ತಾ ನಿಂತೆ. ಸುತ್ತ ಎಲ್ಲಿಯೂ ಇನ್ನೊಂದು ಲೇನಿಲ್ಲ. ತಂಡಕ್ಕೆ ಆಯ್ಕೆಯಾದರೆ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಇರಿಸಿಕೊಳ್ಳುತ್ತಾರೆ. ಆಗದಿದ್ದರೆ ನನ್ನ ಆಟ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ನೋಡೋಣ ಎಂಬ ಮಾತೇ ಇರಲಿಲ್ಲ.

ಇನ್ನು ಅಪ್ಪನ ವಿಷಯ. ನಮ್ಮ ಮುತ್ತಜ್ಜ, ಅಜ್ಜ ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲ ಹೊಲಿಯುತ್ತಿದ್ದವರು. ಎತ್ತು ಎಳೆದಾಗ ಬಾವಿಯಿಂದ ಮೇಲೆ ಬರುವ ಆ ದೊಡ್ಡ ಚೀಲ ವರ್ಷವಿಡೀ ನೀರಲ್ಲಿದ್ದರೂ ಕೊಳೆಯಬಾರದು, ಬಿಸಿಲಲ್ಲಿದ್ದರೂ ಸೀಳಬಾರದು. ಅದಕ್ಕೆ ಅವರು ಕುಸುಬಿ ಎಣ್ಣೆ ಕುಡಿಸುತ್ತಿದ್ದರು. ಪಂಪು ಬಂದು ಕಪಿಲೆ ಹೋಯಿತು, ಎಣ್ಣೆಯ ವಿದ್ಯೆ ಮಾತ್ರ ಅಪ್ಪನ ಕೈಯಲ್ಲಿ ಉಳಿಯಿತು. ರಾಮದುರ್ಗದ ಕಡೆ ಸುರೇಬಾನದಲ್ಲಿರುವ ನಮ್ಮ ಅತ್ತೆ ವರ್ಷಕ್ಕೊಂದು ಡಬ್ಬಿ ಗಾಣದ ಕುಸುಬಿ ಎಣ್ಣೆ ಕಳಿಸುತ್ತಾಳೆ. ಅದರಲ್ಲಿ ಅರ್ಧ ಅವ್ವನ ಒಗ್ಗರಣೆಗೆ, ಅರ್ಧ ಅಪ್ಪನ ತೊಗಲಿಗೆ. ಅದರ ಗುಣ ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಡಬ್ಬಿಯ ಬಾಯಿಗೆ ಹತ್ತಿದ್ದು ಎಂಟು ದಿನಕ್ಕೆ ಅಂಟಾಗುತ್ತದೆ, ತಿಂಗಳಿಗೆ ಅರಗಿನ ಹಾಗೆ ಗಟ್ಟಿಯಾಗುತ್ತದೆ. ತೊಗಲಿಗೆ ಬೇಕಾದದ್ದು ಅದೇ. ಒಳಗೆ ಇಳಿದು ಗಟ್ಟಿಯಾಗಿ ಕೂತರೆ ನೀರು ಒಳಗೆ ಹೋಗುವುದಿಲ್ಲ. ಅಪ್ಪ ಹೊಸ ಚಪ್ಪಲಿಯನ್ನು ಬಿಸಿಲಿಗಿಟ್ಟು, ಬೆಚ್ಚಗಾದ ಮೇಲೆ ಹೆಬ್ಬೆರಳಿನಿಂದ ಎಣ್ಣೆ ತಿಕ್ಕುತ್ತಾ, "ಕುಡಿ, ಕುಡಿ, ಇನ್ನಷ್ಟ ಕುಡಿ" ಎಂದು ಕೂಸಿಗೆ ಹಾಲು ಕುಡಿಸುವವರಂತೆ ಮಾತಾಡುವುದನ್ನು ನೋಡುತ್ತಾ ನಾನು ಬೆಳೆದಿದ್ದೇನೆ.

ಚೆಂಡು ಮನೆಗೆ ತಂದ ಮೊದಲ ದಿನ ನಾನು ಜಂಬದಿಂದ ಹೇಳಿದ್ದೆ, "ಅಪ್ಪಾ, ಇದು ಅಂತಿಂಥ ಚೆಂಡಲ್ಲ, ಎಣ್ಣಿ ಕುಡಿತೈತಿ."

ಅಪ್ಪನ ಕಣ್ಣು ದೊಡ್ಡದಾಯಿತು. "ತೊಗಲಿನಂಗ?"

"ತೊಗಲಿನಂಗ," ಅಂದೆ.

"ಹಂಗಾರ ಇದಕ್ಕೂ ಜೀವ ಐತಿ ಬಿಡು," ಅಂದ ಅಪ್ಪ. ಅವ್ವ ಒಲೆಯ ಹತ್ತಿರದಿಂದಲೇ, "ಎಣ್ಣಿ ರೇಟ್ ಏನ್ ಆಗೇತಿ, ಇನ್ನೊಂದ ಕುಡಿಯೂದ ಮನಿಗಿ ತಂದಿ?" ಅಂದಳು. ಮೂವರೂ ನಕ್ಕೆವು. ಕುಡಿದರೆ ಅದು ಸಾಯುತ್ತದೆ ಎಂಬ ಉಳಿದ ಅರ್ಧ ಮಾತನ್ನು ನಾನು ಅವತ್ತೂ ಹೇಳಲಿಲ್ಲ, ಆಮೇಲೆ ಮೂರು ವರ್ಷದಲ್ಲಿ ಒಂದು ದಿನವೂ ಹೇಳಲಿಲ್ಲ. ಅಪ್ಪನಿಗೆ ಅದು ಯಾಕೆ ಬೇಕು ಅಂದುಕೊಂಡಿದ್ದೆ. ನಾಲ್ಕಕ್ಷರ ಕಲಿತ ಮಕ್ಕಳ ಸೊಕ್ಕು ಹೀಗೆಯೇ ಇರುತ್ತದೆ.

ಆಯ್ಕೆಗೆ ಇನ್ನೂ ಹದಿನೈದು ದಿನವಿತ್ತು. ನನ್ನ ಚೆಂಡಿಗೆ ವಯಸ್ಸಾಗಿತ್ತು. ಬಿಸಿನೀರಿಗೆ ಹಾಕಿದಾಗ ಬಿಡುವ ಎಣ್ಣೆ ಕಡಿಮೆಯಾಗುತ್ತಾ ಬಂದಿತ್ತು, ತಿರುವು ಒಂದೊಂದು ದಿನ ತಡವಾಗಿ ಬರುತ್ತಿತ್ತು. ಆದರೂ ಇನ್ನೊಂದು ದೊಡ್ಡ ಆಟಕ್ಕೆ ಸಾಕಾಗುವಷ್ಟು ಜೀವ ಅದರಲ್ಲಿತ್ತು. ಅದನ್ನು ಅಭ್ಯಾಸದಲ್ಲಿ ಖರ್ಚು ಮಾಡಬಾರದೆಂದು ನಿರ್ಧರಿಸಿದೆ. ಕೊನೆಯದಾಗಿ ತೊಳೆದು, ಎಣ್ಣೆ ಕಕ್ಕಿಸಿ, ಪೇಪರಿನಿಂದ ಒಂದೇ ಸಮ ತಿಕ್ಕಿ ಮೈಯನ್ನು ಬೂದಿ ಬಣ್ಣದಷ್ಟು ಒರಟು ಮಾಡಿದೆ. ಹಳೆಯ ಪಂಜೆಯಲ್ಲಿ ಸುತ್ತಿ ಮನೆಯ ಮೂಲೆಯಲ್ಲಿಟ್ಟೆ. "ಇದನ್ನ ಯಾರೂ ಉಳ್ಳಿಸಬ್ಯಾಡ್ರಿ" ಎಂದಷ್ಟೇ ಹೇಳಿ, ಹನ್ನೊಂದು ದಿನ ಶೆಡ್ಡಿನ ಯುರೆಥೇನ್ ಚೆಂಡಿನಲ್ಲಿ ಅಭ್ಯಾಸ ಮಾಡಿದೆ. ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಒಮ್ಮೆಯೂ ಪಂಜೆ ಬಿಚ್ಚಿ ನೋಡಲಿಲ್ಲ.

ಹನ್ನೆರಡನೆಯ ದಿನ ಭಾನುವಾರ. ಮಧ್ಯಾಹ್ನ ಮನೆಗೆ ಬಂದು ಪಂಜೆ ಬಿಚ್ಚಿದೆ. ಚೆಂಡು ಎಳೆಯ ಬದನೆಕಾಯಿಯ ಹಾಗೆ ಹೊಳೆಯುತ್ತಿತ್ತು.

ಮುಟ್ಟಿದರೆ ಬೆರಳು ಸ್ವಲ್ಪ ಹಿಡಿಯಿತು. ಮೂಗಿಗೆ ಕುಸುಬಿ ಎಣ್ಣೆಯ ವಾಸನೆ ಬಡಿಯಿತು. ಅಷ್ಟರಲ್ಲಿ ಅಪ್ಪ ಹಿಂದೆ ಬಂದು ನಿಂತಿದ್ದ. ಮುಖದ ತುಂಬ ನಗು.

"ನೋಡ್ವಾ, ಹೆಂಗ ಕಳಾ ಬಂದೇತಿ! ಪಾಪ, ಒಣಗಿ ಬೂದಿ ಬೂದಿ ಆಗಿತ್ತು. ನೀ ಗಡಿಬಿಡ್ಯಾಗ ಅದರ ಕಡೆ ನೋಡಲೇ ಇಲ್ಲ ಅಂತ ನಾನ ದಿನಾ ಮಧ್ಯಾಹ್ನ ಬಂದು ಬಿಸಲಾಗ ಇಟ್ಟು ಹಚ್ಚಿದೆ. ಹನ್ನೊಂದ ದಿನಾನೂ ಕುಡೀತವಾ ಅದು. ಇಂಥಾ ಹಸಿವಿ ನಾ ಯಾವ ತೊಗಲಿಗೂ ನೋಡಿಲ್ಲ."

ಬೈಲಹೊಂಗಲದಿಂದ ಬಿಸಿಲಲ್ಲಿ ದಿನಾ ಮಧ್ಯಾಹ್ನ ಅಂಗಡಿ ಬಿಟ್ಟು ಬಂದಿದ್ದ. ಅದು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಒಂದೇ, ನನ್ನ ಚೆಂಡು ಸತ್ತಿತು. ನಾನು ಮೂರು ವರ್ಷ ಹನಿಹನಿಯಾಗಿ ಹೊರಗೆ ತೆಗೆದದ್ದನ್ನು ಇವನು ಹನ್ನೊಂದು ದಿನದಲ್ಲಿ ಅಂಗೈಯಿಂದ ತುಂಬಿಸಿದ್ದ. ಅದೂ ಒಳಗೆ ಹೋಗಿ ಗಟ್ಟಿಯಾಗುವ ಎಣ್ಣೆಯನ್ನು.

ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಒಂದು ಮಾತು ನೆನಪಿದೆ, ಅದನ್ನು ಬರೆಯಲೇಬೇಕು. "ತೊಗಲ ಬಿಟ್ರ ನಿನಗೇನ್ ತಿಳಿತೈತಿ? ನಿನ್ನ ಕೈ ಹತ್ತಿದ್ದೆಲ್ಲಾ ಹೊಲಸ ಆಗತೈತಿ!"

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ಅಪ್ಪನ ಮುಖದ ನಗು ಕೂಡಲೇ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿತ್ತು. ಆಮೇಲೆ ಅವನು ಎಣ್ಣೆ ಹತ್ತಿದ ಕೈಯನ್ನು ಧೋತರದ ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಹಿಂದೆ ಮಾಡಿಕೊಂಡು ಹೊರಗೆ ಹೋದ. ನಾನು ಐದನೆಯ ಇಯತ್ತೆಯಲ್ಲಿ ಕೇಳಿದ ಮಾತನ್ನೇ ಆಡಿದ್ದೆ. ಚರಿಗೆ ತಿಕ್ಕಿಸಿದ ಆ ಹೆಂಗಸು ಅವನ ಬೆನ್ನ ಹಿಂದೆಯಾದರೂ ಅಂದಿದ್ದಳು. ನಾನು ಮುಖಕ್ಕೇ ಅಂದೆ.

ಆಯ್ಕೆಗೆ ನಾಲ್ಕು ದಿನ ಉಳಿದಿತ್ತು. ತಪ್ಪಾಯಿತು ಅನ್ನಲು ನನಗೆ ಪುರಸೊತ್ತಿರಲಿಲ್ಲ, ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಚೆಂಡು ಎತ್ತಿಕೊಂಡು ಮುಂದಿನ ಬಸ್ಸಿಗೆ ಕಿತ್ತೂರಿಗೆ ಹೋದೆ. ಲೇನಿನ ಮೇಲೆ ಎಸೆದೆ. ಜಾರಿತು, ಜಾರುತ್ತಲೇ ಹೋಯಿತು, ಒಣ ಜಾಗದಲ್ಲಿಯೂ ತಿರುಗದೆ ಗಾಡಿಹಾದಿ ಹಿಡಿದ ಎತ್ತಿನ ಹಾಗೆ ನೆಟ್ಟಗೆ ಹೋಗಿ ಮೂರು ಪಿನ್ನು ಬೀಳಿಸಿತು. ಬೆಂಗಳೂರಿನ ಚೆಂಡು ಕೊರೆಯುವವರಿಗೆ ಫೋನ್ ಮಾಡಿದೆ. "ಕುಸುಬೆ ಎಣ್ಣೆನಾ? ಅಡುಗೆಯದಾ?" ಎಂದು ಎರಡು ಸಲ ಕೇಳಿದರು. ಆಮೇಲೆ, "ಲೇನಿನ ಎಣ್ಣೆ ಒಣಗಲ್ಲಮ್ಮ, ಕಾಯಿಸಿದರೆ ಬರುತ್ತೆ. ಇದು ಒಳಗೇ ಕೂತ್ಕೊಂಡಿರುತ್ತೆ. ಬಿಸಿನೀರಲ್ಲಿ ನೋಡು. ಜಾಸ್ತಿ ಬಿಸಿ ಮಾಡಬೇಡ, ಸೀಳುತ್ತೆ" ಅಂದರು.

ಆ ದಿನವೂ ಮರುದಿನವೂ ನಾನು ಮಾಡದ ಉಪಾಯವಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮತ್ತೆ ಬಿಸಿನೀರು. ನೀರಿನ ಮೇಲೆ ಒಂದಿಷ್ಟು ಹಳೆಯ ಎಣ್ಣೆ ತೇಲಿತು, ಅಂಟು ಹಾಗೆಯೇ ಉಳಿಯಿತು. ಪೇಪರಿನಿಂದ ತಿಕ್ಕಿದರೆ ಎರಡು ಸುತ್ತಿಗೆ ಪೇಪರೇ ಮೆತ್ತಿಕೊಂಡು ಕೂತಿತು. ಹತ್ತು ಪೇಪರು ಹಾಳಾದವು. ಉಗುರಿನಿಂದ ಕೆರೆದೆ. ಶೆಡ್ಡಿನ ಹಿಂದೆ ನೀರಿನ ಟಾಕಿಗೆ ಒರಗಿ ಕುಳಿತು ಗಟ್ಟಿಯಾಗಿ ಅತ್ತೆ. ನನಗೆ ನನ್ನ ಮೇಲೆ ಅಳು ಬಂತು ಅಷ್ಟೇ, ಅಪ್ಪನ ನೆನಪು ಆಗ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಹೋಟೆಲಿನ ಗೇಟಿನ ಹೊರಗೆ ಅಪ್ಪ ನಿಂತಿದ್ದ. ಬಗಲಲ್ಲಿ ಅವನ ಕೆಲಸದ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಒಳಗೆ ಬರಲಿಲ್ಲ. ಮಾಲೀಕರೇ ಹೋಗಿ, "ಒಳಗ ಬರ್ರಿ, ಹೊರಗ ಯಾಕ ನಿಂತೀರಿ? ಚಾ ಕುಡೀರಿ" ಎಂದು ಕರೆತಂದರು. ಅಪ್ಪ ಚಹಾ ಬೇಡವೆಂದ. ನನ್ನ ಮುಖ ನೋಡದೆ ಕೇಳಿದ, "ತೊಗಲಿಗೆ ಎಣ್ಣಿ ಹೆಚ್ಚಾದ್ರ ತಗಿಯೂದ ಗೊತ್ತೈತಿ ನನಗ. ನೋಡ್ಲೇನು?"

ನಾನು ಚೆಂಡನ್ನು ಅವನ ಮುಂದೆ ಇಟ್ಟೆ. ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟೆ.

ಅವನು ಒಲೆಯ ಬೂದಿ ಸೋಸಿ ತಂದಿದ್ದ. ಅದನ್ನು ತವೆಯ ಮೇಲೆ ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಹಾಕಿ ಚೆಂಡಿಗೆ ಸುತ್ತಿ ಇಟ್ಟ. ಬೂದಿ ಒದ್ದೆಯಾದೊಡನೆ ಬದಲಿಸಿದ. ಮೇಲಿನ ಅಂಟು ಹಿಟ್ಟಾಗಿ ಬಂದ ಮೇಲೆ ನೀರು ಚಿಮುಕಿಸುತ್ತಾ, ಪೇಪರು ಮೆತ್ತುವ ಮೊದಲೇ ಜಾಡಿಸುತ್ತಾ, ದಪ್ಪ ಪೇಪರಿನಿಂದ ಸಣ್ಣದಕ್ಕೆ ಇಳಿಯುತ್ತಾ ಇಡೀ ದಿನ ತಿಕ್ಕಿದ. ನಡುನಡುವೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಮೈ ನೋಡುತ್ತಿದ್ದ. ನಾನು ಹೇಳಿದ್ದು ಒಂದೇ ಮಾತು, "ಇನ್ನ ಒರಟ ಆಗಬೇಕು." ಅವನು ಹೂಂ ಅಂದು ಮತ್ತೆ ತಿಕ್ಕಿದ.

ಸಂಜೆ ಎಸೆದು ನೋಡಿದೆ. ಕೊನೆಗೆ, ಬಹಳ ಕೊನೆಗೆ, ಚೆಂಡು ಒಳಕ್ಕೆ ತಿರುಗಿತು. ಮೊದಲಿನ ಅರ್ಧದಷ್ಟು ತಿರುವು. ಮತ್ತೆ ಎಸೆದೆ, ಮತ್ತೆ ತಿರುಗಿತು. ಅಪ್ಪ ದೂರ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ.

"ಮ್ಯಾಲಿಂದ ತಗದೇನಿ," ಅಂದ. "ಒಳಗಿಂದ ನನ್ನ ಕೈಗೆ ಬರೂದಿಲ್ಲ. ಎಷ್ಟ ದಿನ ತಡಿತೈತೋ ಗೊತ್ತಿಲ್ಲ."

"ಒಂದ ದಿನ ತಡದ್ರ ಸಾಕು," ಅಂದೆ. ಅವತ್ತಾದರೂ ಹೇಳಬಹುದಿತ್ತು. ಚೆಂಡು ತಿರುಗಿದ ಖುಷಿಯಲ್ಲಿದ್ದೆ, ಗೆದ್ದು ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಪದಕ ತಂದು ಕೈಗೆ ಕೊಟ್ಟರೆ ಬೇರೆ ಮಾತೇ ಬೇಕಾಗುವುದಿಲ್ಲ ಎಂಬ ಲೆಕ್ಕ.

ಹೊರಡುವ ದಿನ ಅವ್ವ ಒಂದು ಹೊಸ ಚೀಲ ತಂದು ಮುಂದಿಟ್ಟಳು. ಅಪ್ಪ ಚೆಂಡಿಗೆಂದು ಹೊಲಿದದ್ದು. ಮುನವಳ್ಳಿಯಿಂದ ತಂದಿಟ್ಟಿದ್ದ ಒಳ್ಳೆಯ ತೊಗಲು. ನೆನೆಸಿ ಗುಂಡಗೆ ಮಾಡಿ ಒಣಗಿಸಿದ್ದ, ಚೆಂಡು ಅದರೊಳಗೆ ಅಳತೆ ತೆಗೆದಂತೆ ಕೂತಿತು. ಎರಡು ಹಿಡಿಕೆಗೆ ಒತ್ತೊತ್ತಾಗಿ ಹೊಲಿಗೆ. ಎತ್ತಿದಾಗ ಕರ್ರ್ ಎಂದು ಸಪ್ಪಳ ಮಾಡಿತು. ಅಪ್ಪನ ಚಪ್ಪಲಿಗಳಲ್ಲಿ ಇರುವ ವಾಸನೆ ಇದರಲ್ಲಿರಲಿಲ್ಲ. ನನ್ನ ಮೂಗಿಗೆ ಅದು ಗೊತ್ತಾಗಿತ್ತು, ತಲೆಗೆ ಹೋಗಲಿಲ್ಲ. ಅಪ್ಪ ಆಗಲೇ ಅಂಗಡಿಗೆ ಹೋಗಿಬಿಟ್ಟಿದ್ದ.

ಬೆಂಗಳೂರಿನಲ್ಲಿ ಒಂದೇ ದಿನ ಆರು ಆಟ, ಆರು ಜನ ಬೇಕು. ಮೊದಲ ಮೂರು ಆಟ ನಾನು ನಾಲ್ಕನೆಯವಳಾಗಿದ್ದೆ. ಚೆಂಡು ತಡವಾಗಿ ತಿರುಗುತ್ತಿದ್ದರೂ ಎಷ್ಟು ತಡ ಎಂಬುದು ನನಗೆ ಗೊತ್ತಾಗಿತ್ತು, ಅದಕ್ಕೆ ತಕ್ಕ ಹಾಗೆ ಬಲಕ್ಕೆ ನಿಂತು ಎಸೆಯುತ್ತಿದ್ದೆ. ನಾಲ್ಕನೆಯ ಆಟದ ನಡುವೆ ಒರೆಸುವ ಬಟ್ಟೆ ಚೆಂಡಿಗೆ ಹಿಡಿಯಿತು. ಉರುಳಿ ಉರುಳಿ ಬಿಸಿಯಾದ ಚೆಂಡು ಒಳಗಿನ ಅರೆಗಟ್ಟಿ ಎಣ್ಣೆಯನ್ನು ಮೇಲಕ್ಕೆ ಬಿಡುತ್ತಿತ್ತು. ಒರೆಸಿದೆ, ಮತ್ತೆ ಬಂತು. ಆಟದ ನಡುವೆ ಒರೆಸಬಹುದು, ಪೇಪರಿನಿಂದ ತಿಕ್ಕುವಂತಿಲ್ಲ. ಸ್ವಲ್ಪವೇ ತಿರುಗುವ ಶೆಡ್ಡಿನ ಯುರೆಥೇನ್ ಚೆಂಡನ್ನು ನಾನು ತಂದಿರಲಿಲ್ಲ, ಬೇರೆಯವರ ಚೆಂಡು ನನ್ನ ಬೆರಳಿಗೆ ಕೂಡುವುದಿಲ್ಲ. ಒಂದು ಎಸೆತ ಜಾರಿಹೋಯಿತು, ಮುಂದಿನದು ಗಕ್ಕನೆ ಹಿಡಿದು ಬೇಗ ತಿರುಗಿತು. ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯದಾಯಿತು. ಐದನೆಯ ಆಟದಲ್ಲಿ ಮೂಲೆಯ ಪಿನ್ನುಗಳು ಮತ್ತೆ ಮತ್ತೆ ನಿಂತೇ ಉಳಿದವು. ಆರನೆಯದು ಮುಗಿದಾಗ ಹಲಗೆಯ ಮೇಲೆ ನನ್ನ ಹೆಸರು ಎಂಟನೆಯದಾಗಿತ್ತು. ಕೊರೆದು ಕೊಟ್ಟವರು ಬಂದು ಚೆಂಡಿನ ಮೇಲೆ ಕೈಯಾಡಿಸಿ, "ಈ ಚೆಂಡಲ್ಲಿ ಮೂರು ಆಟ ಹೇಗೆ ಆಡಿದೆ? ಯಾರಮ್ಮ ಇದನ್ನ ತಿಕ್ಕಿದ್ದು? ಮೆಷಿನ್ನಲ್ಲೂ ಇಷ್ಟು ಸಮ ಬರಲ್ಲ" ಅಂದರು. ಅಪ್ಪ ಅನ್ನದೆ ನಾನು ಚೆಂಡನ್ನು ಚೀಲಕ್ಕೆ ಹಾಕಿಕೊಂಡೆ.

ಬೆಳಗಾಗುವಾಗ ಕಿತ್ತೂರಿನ ಹೆದ್ದಾರಿಯಲ್ಲಿ ಬಸ್ಸಿಳಿದೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಚೀಲದ ಒಂದು ಹಿಡಿಕೆ ಬುಡದಲ್ಲೇ ಹರಿಯಿತು. ಚೆಂಡು ಕೆಳಗೆ ಬಿದ್ದು ಡಾಂಬರಿನ ಮೇಲೆ ಉರುಳಿ, ಗಟಾರದ ಕಲ್ಲಿಗೆ ಬಡಿದು ನಿಂತಿತು. ನೇರಳೆ ಸುಳಿಯ ಮೇಲೆ ಉದ್ದಕ್ಕೆ ಒಂದು ಸೀಳು. ನಾನು ಅದನ್ನು ಎದೆಗೆ ಅವಚಿಕೊಂಡು, ಹರಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಮನೆಗೆ ಬಂದೆ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಸೋತ ದುಃಖಕ್ಕಿಂತ ಅದು ಸುಲಭ.

ಅಪ್ಪ ಅಂಗಳದಲ್ಲಿ ಹೊಸ ಚಪ್ಪಲಿಗಳನ್ನು ಬಿಸಿಲಿಗೆ ಹರವುತ್ತಿದ್ದ. ನನ್ನ ಮುಖ ನೋಡಿ ಎದ್ದು ನಿಂತ. ನಾನು ಚೀಲವನ್ನು ಅವನ ಕಾಲ ಬಳಿ ಒಗೆದೆ.

"ಚೆಂಡ ಬಿಡು, ತೊಗಲ ನಿಂದಲ್ಲೇನು? ಅದಾದ್ರೂ ತಡೀಬೇಕಲ್ಲ. ಅದೂ ಬರೂದಿಲ್ಲೇನ ನಿನಗ?"

ಅಪ್ಪ ಬಗ್ಗಿ ಚೀಲ ಎತ್ತಿಕೊಂಡ. ಮಡಿಚಿದಲ್ಲೆಲ್ಲ ಅದು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಹರಿದ ಹಿಡಿಕೆಯ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿ ಅಷ್ಟು ಕೆಳಗೆ ಇಳಿದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಅದಕ್ಕ ಎಣ್ಣಿ ಹಚ್ಚಿಲ್ಲವಾ ಆಂವಾ. ನಾ ಹೇಳಿದೆ, ಒಣಾ ತೊಗಲು ಸೀಳತೈತಿ, ಒಂದ್ ಕೈ ಎಳಿ ಅಂತ. ಬ್ಯಾಡ, ಚೆಂಡಿಗೆ ಹತ್ತೀತು ಅಂದ. ಹೊಲಿಯೂ ಮುಂದ ಸೋಪ ಹಚ್ಚಿ ಮೂರ್ ಸಲ ಕೈ ತೊಳಕೊಂಡು ಕುಂತ."

ನಾಲ್ವತ್ತು ವರ್ಷದಲ್ಲಿ ಅಪ್ಪನ ಕೈಯಿಂದ ಎಣ್ಣೆ ಕುಡಿಯದ ತೊಗಲು ಒಂದೂ ಹೊರಗೆ ಹೋಗಿರಲಿಲ್ಲ. ಸೀಳುತ್ತದೆ ಎಂದು ಗೊತ್ತಿದ್ದೂ, ನನ್ನ ಚೆಂಡಿಗೆ ಅವನ ಕೈ ಹತ್ತಬಾರದೆಂದು ಹಾಗೆಯೇ ಹೊಲಿದುಕೊಟ್ಟಿದ್ದ. ನಾನು ಬಾಯಿ ತೆರೆದೆ. ಏನಾದರೂ ಅನ್ನಬೇಕು, ಈಗ ಅನ್ನಬೇಕು ಅಂದುಕೊಂಡೆ. ಅಪ್ಪ ಆಗಲೇ ಒಳಗೆ ಹೋಗಿ ಕುಸುಬಿ ಎಣ್ಣೆಯ ಡಬ್ಬಿ ತಂದಿದ್ದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಮುಚ್ಚಳ ತೆಗೆಯದೆ ನನ್ನ ಕಡೆ ನೋಡಿದ.

"ಈಗರ ಹಚ್ಚಲೇನ್ವಾ?"

ತನ್ನ ತೊಗಲಿಗೆ ತನ್ನ ಎಣ್ಣೆ ಹಚ್ಚಲು ಅವನು ನನ್ನನ್ನು ಕೇಳುತ್ತಿದ್ದ. ನಾನು ಹೂಂ ಅಂದೆ. ಅವನು ಹಚ್ಚಿದ. ಬಿರಿದ ತೊಗಲು ಕುಡಿಯಲಿಲ್ಲ, ಎಣ್ಣೆ ಮೇಲೆಯೇ ನಿಂತಿತು. ಅವನು ಬಟ್ಟೆಯಿಂದ ಒರೆಸಿ ಚೀಲವನ್ನು ಗೂಟಕ್ಕೆ ತೂಗುಹಾಕಿದ.

ಈಗ ಶೆಡ್ಡಿನಲ್ಲಿ ಮದುವೆಗಳಾಗುತ್ತವೆ. ನಾನು ಮಂಟಪದ ಬುಕಿಂಗ್ ನೋಡಿಕೊಳ್ಳುತ್ತೇನೆ. ಚೆಂಡು ಮಂಚದ ಕೆಳಗಿದೆ, ಸೀಳು ಸ್ವಲ್ಪ ಸ್ವಲ್ಪ ಉದ್ದವಾಗುತ್ತಿದೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ನಾನು ಎಷ್ಟೋ ಸಲ ಅಪ್ಪನ ಮಗ್ಗುಲಿಗೆ ಹೋಗಿ ಕುಳಿತಿದ್ದೇನೆ. ತಪ್ಪಾಯಿತು ಅಂತಲೂ ಅಂದಿದ್ದೇನೆ. "ಹೋಗ್ಲಿ ಬಿಡವಾ, ನನಗ ಗೊತ್ತಿರಲಿಲ್ಲ" ಅನ್ನುತ್ತಾನೆ. ನಾನು ಕೇಳಿದ್ದು ಆಡಿದ ಮಾತಿಗೆ, ಅವನು ಉತ್ತರ ಕೊಡುವುದು ಹಚ್ಚಿದ ಎಣ್ಣೆಗೆ. ರವಿವಾರ ನಾನು ಮನೆಯಲ್ಲಿದ್ದಾಗ ಅವನು ಅಂಗಳದಲ್ಲಿ ಚಪ್ಪಲಿ ಹರವಿ ಎಣ್ಣೆಯ ಡಬ್ಬಿ ಕೈಗೆತ್ತಿಕೊಳ್ಳುತ್ತಾನೆ. ಮುಚ್ಚಳ ತೆಗೆಯುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ಹೂಂ ಅನ್ನುತ್ತೇನೆ. ಆಮೇಲೆ ಹಚ್ಚುತ್ತಾನೆ.